ಮೊದಲ ಹಗ್ಗ

ಅವನನ್ನು ಎಲ್ಲರೂ ಹಗ್ಗದಣ್ಣ ಎಂದೇ ಕರೆಯುತ್ತಿದ್ದರು. ಹುಲ್ಲು ಕತ್ತರಿಸುವ ಮೆಷಿನ್ನೋ, ನೀರಿನ ಪಂಪೋ, ಹಗ್ಗ ಎಳೆದು ಚಾಲೂ ಮಾಡುವ ಯಾವ ಸಣ್ಣ ಇಂಜಿನ್ ಕೆಟ್ಟರೂ ಅವನ ಶೆಡ್ಡಿಗೇ ಬರಬೇಕು. ಮಾತು ಕಡಿಮೆ, ಗೊಣಗಾಟ ಜಾಸ್ತಿ. "ಏನೋ ನಿನ್ನ ಸೊಕ್ಕು?" ಎಂದು ಇಂಜಿನ್ನಿಗೆ ಬೈಯದೆ ಸ್ಪ್ಯಾನರ್ ಮುಟ್ಟುವ ಆಸಾಮಿಯೇ ಅಲ್ಲ.

ಆ ಶೆಡ್ಡಿನಲ್ಲಿ ಒಂದೇ ಕಟ್ಟಳೆ. ರಿಪೇರಿ ಮಾಡಿ ಇಂಜಿನ್ ಮುಚ್ಚಿದವನೇ ಮೊದಲ ಹಗ್ಗ ಎಳೆಯಬೇಕು. ಒಳಗೇನಾದರೂ ತಪ್ಪಿದ್ದರೆ ಇಂಜಿನ್ ಹಗ್ಗವನ್ನು ವಾಪಸ್ ಸೆಳೆದು ಕೈ ಮುರಿಯುವಂತೆ ಹೊಡೆಯುತ್ತದೆ. "ತಪ್ಪು ನಂದಾದ್ರೆ ಏಟೂ ನಂದೇ" ಎನ್ನುತ್ತಿದ್ದ ಹಗ್ಗದಣ್ಣ. ತಮ್ಮನಿಗೂ ಅದನ್ನೇ ಕಲಿಸಿದ್ದ. ಅಪ್ಪ ಹೋದ ಮೇಲೆ ಇವನೇ ಸಾಕಿದ ತಮ್ಮ ಅವನು; ಈಗ ಮೀಸೆ ನರೆಯುತ್ತಿದ್ದರೂ ಅವನು ಬಂದು ಕೂರುವ ತನಕ ಅಣ್ಣ ತುತ್ತೆತ್ತುತ್ತಿರಲಿಲ್ಲ. ಇನ್ನು ಸಾಕು, ಶೆಡ್ಡನ್ನು ತಮ್ಮನಿಗೇ ಒಪ್ಪಿಸಿ ಪಕ್ಕಕ್ಕೆ ಸರಿಯೋಣ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಶಾಲೆಯ ಮಾಲಿ ಹುಲ್ಲಿನ ಮೆಷಿನ್ ತಳ್ಳಿಕೊಂಡು ಬಂದ. ಅವನ ಬಲಗೈ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು.

"ನೋಡಿ ಅಣ್ಣಾ, ಬ್ಲೇಡು ಕಲ್ಲಿಗೆ ಹೊಡೆದು ನಿಂತೋಗಿತ್ತು. ನಿನ್ನೆ ನೀವಿಲ್ದಾಗ ನಿಮ್ಮ ತಮ್ಮ ರಿಪೇರಿ ಮಾಡಿಕೊಟ್ರು. ಹಗ್ಗ ಎಳೆದ್ರೆ ಕೈಯೇ ಕಿತ್ಕೊಂಡು ಹೋಗೋ ಹಾಗೆ ಹೊಡೀತು."

"ಅವನು ಎಳೆದಾಗ ಸರಿಯಾಗಿತ್ತಾ?"

"ಅವರೆಲ್ಲಿ ಎಳೆದ್ರು? ನೀನೇ ಎಳಿಯಪ್ಪಾ, ನಿನ್ನ ಕೈಗುಣ ಒಳ್ಳೇದು ಅಂದ್ರು. ಅಂದು ದೂರ ಹೋಗಿ ನಿಂತ್ಕೊಂಡ್ರು."

ಹಗ್ಗದಣ್ಣ ಮೆಷಿನ್ನನ್ನು ಒಳಕ್ಕೆ ಎಳೆದುಕೊಂಡ. ಛೇ, ಮರೆತಿರಬೇಕು ಎಂದುಕೊಂಡ. ಒಡಹುಟ್ಟಿದವನನ್ನು ಅನುಮಾನಿಸುವುದೂ ಸುಲಭವಲ್ಲ ನೋಡಿ.

ಮೊದಲು ಬ್ಲೇಡ್ ಅಲ್ಲಾಡಿಸಿ ನೋಡಿದ. ಅದು ಸಡಿಲವಿದ್ದರೂ ಹೀಗೆ ಹೊಡೆಯುತ್ತದೆ. ಬಿಗಿಯಾಗಿಯೇ ಇತ್ತು. ಕಿಡಿ ಹಾರದಂತೆ ಪ್ಲಗ್ಗಿನ ವೈರ್ ಕಿತ್ತು ಹಗ್ಗ ಎಳೆದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಅಂದರೆ ಕಿಡಿ ಹೊತ್ತಿಗೆ ಮುಂಚೆ ಹಾರುತ್ತಿದೆ, ಮೇಲೇರುವ ಪಿಸ್ಟನ್ನನ್ನು ಅರ್ಧದಲ್ಲೇ ಹಿಂದಕ್ಕೆ ನೂಕುತ್ತಿದೆ. ಮುಚ್ಚಳ ಬಿಚ್ಚಿ ಫ್ಲೈವೀಲ್ ಎತ್ತಿದ. ಕಿಡಿಯ ಹೊತ್ತು ಕಾಯುವ ಆ ಚಕ್ರ ಜರುಗದಂತೆ ಹಿಡಿಯುವ ಚಿಕ್ಕ ಕೀ, ಉಗುರಿನಷ್ಟೇ ಇರುವಂಥದ್ದು, ಅರ್ಧ ಕತ್ತರಿಸಿಹೋಗಿತ್ತು. ಕಲ್ಲಿನ ಪೆಟ್ಟು. ಅದಾದರೂ ಸರಿ, ಆದರೆ ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ಅದನ್ನೇ ಮತ್ತೆ ಕೂರಿಸಲಾಗಿತ್ತು. ಉಜ್ಜಿದ ಗುರುತು ಇನ್ನೂ ಹೊಳೆಯುತ್ತಿತ್ತು. ತಮ್ಮ ಅದನ್ನು ಕಣ್ಣಾರೆ ಕಂಡೇ ಮುಚ್ಚಿದ್ದ! ಹೊಸ ಕೀ ತುಂಬಿದ ಡಬ್ಬಿ ಅಲ್ಲೇ ಕೈಗೆಟುಕುವಲ್ಲಿತ್ತು. ಕೈ ಚಾಚಿ ತೆಗೆದುಕೊಳ್ಳಲೂ ಆಗದ ಸೋಮಾರಿತನಕ್ಕೆ ಒಬ್ಬ ಬಡಪಾಯಿಯ ಕೈ ಬಲಿ.

ಹಗ್ಗದಣ್ಣ ಹಳೆಯ ಕೀಯನ್ನೇ ವಾಪಸ್ ಹಾಕಿ ಎಲ್ಲವನ್ನೂ ಇದ್ದ ಹಾಗೇ ಮುಚ್ಚಿದ. ಕಿತ್ತ ವೈರನ್ನು ಮಾತ್ರ ಸಿಕ್ಕಿಸದೆ ಮುಚ್ಚಳದ ಕೆಳಗೆ ತೂರಿಸಿಟ್ಟ. ಸ್ವಲ್ಪ ಹೊತ್ತಿಗೆ ತಮ್ಮ ಬಂದ. ಮಾಲಿಯನ್ನು ಕಂಡು ಅವನ ಮುಖ ಹುಳ್ಳಗಾಯಿತು.

"ಇದಕ್ಕೆ ಕೀ ಬದಲಾಯಿಸಿದ್ಯೇನೋ?"

"ಹೂಂ ಅಣ್ಣಾ, ಹೊಸದೇ ಹಾಕ್ದೆ. ನಿನ್ನಾಣೆ."

"ಸರಿ ಹಾಗಾದ್ರೆ. ಎಳಿ."

ತಮ್ಮನ ಕೈ ಹಗ್ಗದ ಹಿಡಿಯವರೆಗೂ ಹೋಗಿ ತಟ್ಟನೆ ಹಿಂದಕ್ಕೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅಲ್ಲಿಗಾದರೂ ಬಾಯಿ ಬಿಡಬಹುದಿತ್ತು. ಬಿಟ್ಟ, ಆದರೆ ಬಂದ ಮಾತೇ ಬೇರೆ.

"ನೀನೇ ಎಳಿಯಣ್ಣಾ. ನಿನ್ನ ಕೈ ಪಳಗಿದೆ."

ಹಗ್ಗದಣ್ಣ ಮೆಷಿನ್ನಿನ ಬಳಿ ಬಗ್ಗಿದ. ಮಾಲಿಯ ಕೈ ಹೋಗಲಿ, ಅನ್ನ ಕಲಸಿ ಕೊಟ್ಟ ಕೈಯನ್ನೂ ಮುಂದೊಡ್ಡಲು ಹೇಸಲಿಲ್ಲವಲ್ಲ ಇವನು! ಮುಚ್ಚಳದಡಿಯಿಂದ ವೈರ್ ಎಳೆದು ತೋರಿಸಿದ.

"ವೈರ್ ಕಿತ್ತಿಟ್ಟಿದೀನಿ ಕಣೋ. ನಿನ್ನ ಕೈಗೆ ಏಟು ಬೀಳೋಕೆ ನಾನು ಬಿಡ್ತೀನಾ?"

ತಮ್ಮ ತಲೆ ತಗ್ಗಿಸಿದ. ಹಗ್ಗದಣ್ಣ ಡಬ್ಬಿಯಿಂದ ಹೊಸ ಕೀ ತೆಗೆದು ಹಾಕಿ, ಮುಚ್ಚಿ, ವೈರ್ ಸಿಕ್ಕಿಸಿದ.

"ಅಣ್ಣಾ, ಈಗ ನಾನೇ ಎಳೀತೀನಿ."

"ಬೇಡ. ಮುಚ್ಚಿದ್ದು ನಾನು."

ಒಂದೇ ಎಳೆತಕ್ಕೆ ಇಂಜಿನ್ ಗುಡುಗುಟ್ಟಿತು. ಮಾಲಿ ಕೈ ಮುಗಿದು ಹೊರಟ.

ಸಂಜೆ ಬಾಗಿಲು ಹಾಕಿದ ಮೇಲೆ ತಮ್ಮ ಎಂದಿನಂತೆ ಬೀಗದ ಕೈಗೆ ಕೈ ಚಾಚಿದ. ಹಗ್ಗದಣ್ಣ ತಾನೇ ಬೀಗ ಹಾಕಿ, ಜಗ್ಗಿ ನೋಡಿ, ಬೀಗದ ಕೈಯನ್ನು ತನ್ನ ಜೇಬಿಗಿಳಿಸಿಕೊಂಡು ಮನೆಯ ಕಡೆ ನಡೆದ.