ಕೂರಿಗೆಯ ಪುರ್ಜಾ

ನಿಜಾಮರ ಸರ್ಕಾರ ಇದ್ದಾಗಿನ ಮಾತು. ವಿಲಾಯಿತಿಯಿಂದ ತರಿಸಿದ ಕಬ್ಬಿಣದ ಬಿತ್ತೋ ಮಷೀನನ್ನು ರೈತರಿಗೆ ತೋರಿಸುವ ನೌಕರಿ ನನ್ನದು. ಪಾಮನಕಲ್ಲೂರಿನ ಎರೆಹೊಲದಲ್ಲಿ ಅದನ್ನು ಎತ್ತಿಗೆ ಹೂಡಿಸಿ, ಜೋಳ ತುಂಬಿ, ಗಡಗಡ ಅಂತ ನಾಲ್ಕು ಸುತ್ತು ಹೊಡೆಸಿದೆ. ಆಮೇಲೆ ಮಣ್ಣು ಕೆದರಿ ನೋಡಿದರೆ ಅರ್ಧ ಸಾಲುಗಳಲ್ಲಿ ಒಂದು ಕಾಳೂ ಇಲ್ಲ! ಜಿಗುಟು ಮಣ್ಣು ಮೆತ್ತಿ ಕೊಳವೆಗಳು ಯಾವಾಗಲೋ ಕಟ್ಟಿದ್ದವು.

"ಹೊಲದ ಹಸಿ ಆರಾಕತ್ತೈತಿ ಸಾಹೇಬ್ರ, ನಿಮ್ಮ ತಮಾಷಾ ಸಾಕು ಮಾಡ್ರಿ," ಅಂದಳು ಹೊಲದೊಡತಿ ಹನುಮವ್ವ.

ಗಂಡ ಕಟ್ಟಿಗೆಯ ಕೂರಿಗೆ ಹೂಡಿದ. ಒಂದು ಬಟ್ಟಲು, ಅದರಿಂದ ನೆಲಕ್ಕಿಳಿದ ಮೂರು ಬಿದಿರ ಕೊಳವೆ, ಅಷ್ಟೇ. ಹನುಮವ್ವ ಹಿಂದೆ ನಡೆಯುತ್ತ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡತೊಡಗಿದಳು. ಹತ್ತು ಹೆಜ್ಜೆ ಹೋಗಿದ್ದಳೋ ಇಲ್ಲವೋ, "ನಿಂದ್ರಸ್ರೀ, ಎಡಗಡೇದು ಕಟ್ಟೈತಿ," ಅಂದಳು. ಗಂಡ ಕಡ್ಡಿ ಹಾಕಿ ತಿವಿದ. ಮಣ್ಣಿನ ಬಿರಡೆ ಉದುರಿತು.

"ನೋಡಲಾರದ ಹ್ಯಾಂಗ ಗೊತ್ತಾತವ್ವ?" ಅಂತ ಕೇಳಿದೆ.

"ಮೂರೂ ಕೊಳವಿ ಸದ್ದು ಬರಬೇಕ್ರಿ. ಈಗ ಎರಡರದ್ದ ಬಂತು. ನಿಮ್ಮ ಮಷೀನು ತಾನ ಒದರತೈತಿ, ಕಾಳಿನ ಸದ್ದು ಕೇಳಗೊಡಂಗಿಲ್ಲ."

ನಾನೂ ಬಗ್ಗಿ ಕಿವಿಗೊಟ್ಟು ಹಿಂದೆ ಹಿಂದೆ ನಡೆದೆ. ನನಗೆ ಮೂರೂ ಒಂದೇ ಚರಚರ.

'ಕೂರಿಗೆಯೇ ಮೇಲು, ಕೊಳವೆ ಕಟ್ಟಿದ ಕೂಡಲೇ ತಿಳಿಯುತ್ತದೆ' ಎಂದು ಉರ್ದುವಿನಲ್ಲಿ ರಿಪೋರ್ಟ್ ಬರೆದೆ. ತಿಂಗಳಾದ ಮೇಲೆ ದೊಡ್ಡ ಸಾಹೇಬರ ಹುಕುಂ ಬಂತು: ಹಾಗೆ ತಿಳಿಸುವ ಪುರ್ಜಾ, ಅಂದರೆ ಕೂರಿಗೆಯ ಬಿಡಿಭಾಗ, ಯಾವುದೋ, ಅದರ ನಕಾಶೆ ತಯಾರಿಸಿ ಕಳಿಸತಕ್ಕದ್ದು.

ಹುಕುಂ ಅಂದಮೇಲೆ ಹುಕುಂ. ಹಾಳೆಯ ತುಂಬ ಹನುಮವ್ವನ ಕಿವಿ ಬರೆದು ಕಳಿಸಿದೆ, ಬೆಂಡೋಲೆ ಸಮೇತ.