ಅಪ್ಪನ ಅಪ್ಪನ ಹೆಸರು

ಸೌದಿ ಅರೇಬಿಯಾದ ದಹ್ರಾನಿನ ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಸಂಶೋಧನೆಗೆಂದು ಹೋದ ಮೊದಲ ದಿನವೇ ಗುರುತಿನ ಚೀಟಿಯ ಫಾರ್ಮಿನಲ್ಲಿ ಸಿಕ್ಕಿಬಿದ್ದೆ. ಅದನ್ನು ತುಂಬದೆ ಅಲ್ಲಿ ಉಳಿಯಲು ಕೊಡುವ ಮನೆಯ ಕೀಲಿ ಸಿಗುವಂತಿರಲಿಲ್ಲ.

“ನಿಮ್ಮ ಅಪ್ಪನ ಅಪ್ಪನ ಹೆಸರು?” ಕೌಂಟರಿನಲ್ಲಿದ್ದ ಸೌದಿ ಯುವತಿ ಕೇಳಿದಳು.

ನನಗೆ ಗೊತ್ತಿರಲಿಲ್ಲ. “ನಮ್ಮಲ್ಲಿ ಕುಟುಂಬ ಅಮ್ಮನ ಕಡೆಯಿಂದ. ಬೇಕಾದರೆ ಅಜ್ಜಿ, ಮುತ್ತಜ್ಜಿಯ ಹೆಸರು ಹೇಳುತ್ತೇನೆ,” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. “ಹಾಗಾದರೆ ನಿಮ್ಮಪ್ಪ ಯಾರ ಕುಟುಂಬದವರು?”

“ಅವರ ಅಮ್ಮನ ಕುಟುಂಬದವರು.”

ಅವಳಿಗೆ ನಗು ಬಂತು, ಆದರೆ ಫಾರ್ಮು ಒಪ್ಪಬೇಕಲ್ಲ. ಅಲ್ಲಿಂದಲೇ ಉಡುಪಿಯಲ್ಲಿದ್ದ ಅಪ್ಪನಿಗೆ ಫೋನು ಮಾಡಿ ಕೇಳಿದೆ.

“ಕೊರಗಪ್ಪ. ಇಷ್ಟು ವರ್ಷದಲ್ಲಿ ನೀನು ನನ್ನಪ್ಪನ ಬಗ್ಗೆ ಕೇಳಿದ್ದು ಇದೇ ಮೊದಲು ಮಾರಾಯ್ತಿ.”

ಕೀಲಿ ಅಂದೇ ಸಿಕ್ಕಿತು. ಅಪ್ಪ ಮಾತ್ರ ಈಗ ದಿನಾ ಫೋನು ಮಾಡಿ ಅಜ್ಜನ ಕತೆ ಹೇಳುತ್ತಾರೆ. ಕತೆಯಲ್ಲಿ ಅಜ್ಜನಿಗೆ ಇನ್ನೂ ಮದುವೆಯಾಗಿಲ್ಲ.