ಇರಾಕ್ ಜಗಳದ ರಾಜಿ

2003ನೇ ಇಸವಿ. ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಬದು ಒತ್ತುವರಿ, ನಾಲೆ ನೀರಿನ ಜಗಳ, ಕುಡಿದು ಹೊಡೆದಾಟ, ನಮ್ಮಲ್ಲಿಗೆ ಬರುತ್ತಿದ್ದುದು ಇಂಥವೇ. ಆ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋಯಿತು. ಅದಕ್ಕೆ ನಮ್ಮೂರಲ್ಲಿ ತಲೆ ಒಡೆಯುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಟಿ.ವಿ. ಇತ್ತು. ದೋಸೆ ತಿನ್ನಲು ಬಂದವರು ಅಲ್ಲೇ ಕೂತು ಯುದ್ಧ ನಡೆಸುತ್ತಿದ್ದರು. ನಿವೃತ್ತ ಮೇಷ್ಟ್ರು ರಾಚಪ್ಪ ಯುದ್ಧಕ್ಕೆ ವಿರೋಧ. ಗೊಬ್ಬರದ ಅಂಗಡಿಯ ನಾಗರಾಜು ಅಮೆರಿಕದ ಕಟ್ಟಾ ಅಭಿಮಾನಿ. ಬಾಗ್ದಾದ್ ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ ಇಬ್ಬರೂ ಕಪಿಲೆಯ ಆಚೆ ದಡಕ್ಕೆ ಕೈ ತೋರಿಸುತ್ತಿದ್ದರೋ ಏನೋ!

ಅಲ್ಲಿ ದೋಸೆ ಹಾಕುತ್ತಿದ್ದವನು ಮೂಗೂರು ಕಡೆಯ ಮಹದೇವ, ನಲವತ್ತರ ಆಸುಪಾಸಿನವನು. ಅವನೂ ಸೈಕಲ್ ರಿಪೇರಿಯ ಸಿದ್ದರಾಜುವೂ ಎಷ್ಟೋ ವರ್ಷಗಳಿಂದ ಒಂದೇ ಕೋಣೆಯಲ್ಲಿ ಸಂಸಾರ ಮಾಡಿಕೊಂಡಿದ್ದರು. ಊರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿತ್ತು.

ಒಂದು ಬೆಳಗ್ಗೆ ಮೇಷ್ಟ್ರು ಟಿ.ವಿ. ಕಡೆ ಕೈ ಮಾಡಿ, “ಗಂಡಸು ಗಂಡಸಿನ ಜೊತೆ ಸಂಸಾರ ಮಾಡೋ ದೇಶ ಅದು. ಇನ್ನೊಬ್ರಿಗೆ ಬುದ್ಧಿ ಹೇಳೋಕೆ ಹೊರಟಿದೆ!” ಎಂದರಂತೆ.

ನಾಗರಾಜು ಬಿಟ್ಟಾನೆಯೇ? “ಅಲ್ಲಿ ಅಂಥೋರ್ಗೂ ಬದುಕಾಕೆ ಜಾಗ ಅದೆ ಕಣ್ರೀ ಮೇಷ್ಟ್ರೇ. ನಮ್ ಮಾದೇವ ಆ ಅರಬ್ಬರ ಕಡೆ ಉಟ್ಟಿದ್ರೆ ತಲೆ ಉಳೀತಿತ್ತಾ? ಅಮೆರಿಕ ಒಡೀತಿರೋದು ಇವನಂಥೋರ ಪರವಾಗೂವೆ. ಏನ್ಲಾ ಮಾದೇವ, ಅಲ್ವಾ?”

ಇಡೀ ಹೋಟೆಲು ತಿರುಗಿ ಕಾವಲಿಯ ಹತ್ತಿರ ನಿಂತವನನ್ನು ನೋಡಿತು. “ನನ್ ಸುದ್ದಿ ಯಾಕೆ ಸಾ, ದೋಸೆ ಉಯ್ಯಾಕೆ ಬುಡಿ,” ಎಂದ ಮಹದೇವ. ಮೇಷ್ಟ್ರು ನಕ್ಕು, “ಇಷ್ಟೊಂದು ವಕಾಲತ್ತು ಯಾಕಪ್ಪಾ, ನಿಂಗೂ ಅದೇ ಚಾಳಿನಾ?” ಎಂದುಬಿಟ್ಟರು. ನಾಗರಾಜು ಸ್ಟೀಲ್ ಜಗ್ಗು ಎತ್ತಿ ಹೊಡೆದ. ಮೇಷ್ಟ್ರ ಹಣೆಗೆ ಹೊಲಿಗೆ ಬಿತ್ತು. ಅವರ ಕಡೆಯವರು ಹೋಗಿ ಗೊಬ್ಬರದಂಗಡಿಯ ಗಾಜು ಪುಡಿ ಮಾಡಿದರು. ಕೇಸಿಗೆ ಕೌಂಟರ್ ಕೇಸು ಹಿಡಿದುಕೊಂಡು ಎರಡು ಕಡೆಯವರೂ ಠಾಣೆಗೆ ಬಂದರು.

ಇಂಥದ್ದರಲ್ಲಿ ಊರಿನ ಹಿರಿಯರು ಬಂದು ರಾಜಿ ಮಾಡಿಸುವುದು ವಾಡಿಕೆ. ಮಾರನೆಯ ದಿನವೇ ಯಜಮಾನರೊಬ್ಬರು ಇಬ್ಬರನ್ನೂ ಕರೆದುಕೊಂಡು ಬಂದು ಕೂತರು. “ಇಬ್ರೂ ಮರ್ವಾದಸ್ತರು ಸಾ, ಕೇಸು ಬ್ಯಾಡ. ಇದ್ಕೆಲ್ಲ ಮೂಲ ಆ ದೋಸೆಯವ್ನು. ಅವ್ನನ್ನೂ ಆ ಸಿದ್ದನ್ನೂ ಊರು ಬುಡ್ಸಿ. ಓಗ್ನಿಲ್ಲ ಅಂದ್ರೆ ಮುನ್ನೂರೆಪ್ಪತ್ತೇಳು ಆಕಿ.”

ಅದು ಐಪಿಸಿಯ 377ನೇ ಕಲಂ. ಗಂಡಸರಿಬ್ಬರು ಒಪ್ಪಿ ಕೂಡಿದರೂ ಆಗ ಅದು ಅಪರಾಧ, ಜೀವಾವಧಿಯವರೆಗೂ ಶಿಕ್ಷೆ. ಆ ಷರತ್ತಿಗೆ ಮೊದಲು ತಲೆಯಾಡಿಸಿದವನು ಯಾರು ಗೊತ್ತೇ? ನಾಗರಾಜು!

“ಏನ್ರೀ, ನಿನ್ನೆ ಆ ಮಹದೇವನಿಗೋಸ್ಕರ ಯುದ್ಧವೇ ಆಗ್ಬೇಕು ಅಂತಿದ್ರಲ್ಲ?” ಎಂದೆ.

“ಅದು ಇರಾಕ್ ವಿಚಾರ ಸಾ. ಇದು ನಮ್ಮೂರು.”

ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ? ಊಹೂಂ. ಪಕ್ಕದಲ್ಲಿ ಮೇಷ್ಟ್ರೂ ಹೌದೌದು ಎನ್ನುತ್ತಿದ್ದರು. ಇಷ್ಟು ದಿನ ಒಂದು ಮಾತಿಗೂ ಒಮ್ಮತವಿಲ್ಲದವರು ಇದೊಂದಕ್ಕೆ ಹಾಲು ಜೇನಾಗಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. “ಜಗ್ಗು ಎತ್ತಿದ್ದು ಮಹದೇವನಾ? ಗಾಜು ಒಡೆದಿದ್ದು ಸಿದ್ದರಾಜುನಾ? ರಾಜಿ ಬೇಕಾದ್ರೆ ನೀವಿಬ್ರು ಮಾಡ್ಕೊಳ್ಳಿ. ಅವರ ಹೆಸರೆತ್ತಿದ್ರೆ ನಿಮ್ಮಿಬ್ರನ್ನೂ ಈಗಲೇ ಒಳಗೆ ಹಾಕ್ತೀನಿ,” ಎಂದು ಗದರಿದೆ. ಗೊಣಗುತ್ತ ಸಹಿ ಹಾಕಿ ಹೋದರು. ಆಮೇಲೆ ಮೊದಲಿನ ಹಾಗೆಯೇ ಅದೇ ಹೋಟೆಲಿನಲ್ಲಿ ಎದುರುಬದುರು ಕೂತು ಕಾಫಿ ಕುಡಿದರು.

ಅವತ್ತು ಅವರು ಸಹಿ ಹಾಕಿ ಹೋದ ಮೇಲೆ ನೋಡಿದರೆ, ಮಹದೇವ ಠಾಣೆಯ ಹೊರಗೆ ಕಾಂಪೌಂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೆಲಸಕ್ಕೆ ಹೋಗು, ಯಾರೂ ನಿನ್ನನ್ನು ಮುಟ್ಟುವುದಿಲ್ಲ ಎಂದೆ. ಅವನು ಏಳಲಿಲ್ಲ.

“ಕೇಸು ಆಕ್ತಾರಂತೆ ಅಂತ ಬೆಳಗ್ಗೆಯೇ ಯಾರೋ ಸಿದ್ದನ ಕಿವೀಗಾಕವ್ರೆ ಸಾ. ಬಟ್ಟೆ ಗಂಟು ಕಟ್ಕಂಡು ಬಸ್ಸತ್ತುಬುಟ್ಟ. ಎಲ್ಲಿಗೆ ಅಂತ್ಲೂ ಯೋಳ್ನಿಲ್ಲ. ಇಷ್ಟ್ ವರ್ಸ ನಮ್ಮನ್ನ ಯಾರೂ ಬಯ್ತಿರ್ನಿಲ್ಲ, ಒಗಳ್ತಾನೂ ಇರ್ನಿಲ್ಲ. ಅಂಗೇ ಬುಟ್ಟಿದ್ರೆ ಆಗ್ತಿತ್ತು.”

ನಂಜನಗೂಡು, ಮೈಸೂರಿನ ಬಸ್ ನಿಲ್ದಾಣಗಳ ಕಡೆ ಪರಿಚಯದ ಪೇದೆಗಳಿಗೆ ಹೇಳಿ ನೋಡಿದೆ. ಸುಳಿವಿಲ್ಲ. ಕೊನೆಗೆ ಕಾಣೆಯಾದವರ ದೂರು ಕೊಡು, ಎಲ್ಲ ಠಾಣೆಗೂ ಹೋಗುತ್ತದೆ ಎಂದು ಮಹದೇವನನ್ನು ಕರೆಸಿದೆ. ದೂರು ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರ್ ಮಾಮೂಲಿನಂತೆ ಕೇಳಿದ: “ಸಿದ್ದರಾಜು ನಿನಗೆ ಏನಾಗ್ಬೇಕು?”

ಮಹದೇವ ನನ್ನ ಮುಖ ನೋಡಿದ. “ಏನಂತ ಯೋಳ್ಲಿ ಸಾ?”

ಸ್ನೇಹಿತ ಅಂತ ಬರೆಸು ಎಂದೆ. ಅವನು “ಬ್ಯಾಡ ಬುಡಿ ಸಾ,” ಎಂದು ಎದ್ದು ಹೋದ. ನನಗೆ ಸಂಕಟವಾಯಿತು.

ಜಗಳವಾಡಿದವರಿಬ್ಬರೂ ತೀರಾ ಬೇಗ ಒಪ್ಪಿಕೊಂಡರೆ, ಆ ಒಪ್ಪಂದದ ಭಾರ ಮೂರನೆಯವನ ತಲೆಗೆ ಕಟ್ಟಿರುತ್ತಾರೆ. ನೌಕರಿ ನನಗೆ ಕಲಿಸಿದ್ದು ಇದು. ಆಮೇಲೆ ನಿವೃತ್ತಿಯಾಗುವ ತನಕ ಯಾವ ರಾಜಿಗೆ ಕೂತರೂ, ಮೊದಲು ಎದ್ದು ಹೊರಗೆ ಹೋಗಿ ಕಾಂಪೌಂಡಿನ ಪಕ್ಕ ಯಾರಾದರೂ ಕೂತಿದ್ದಾರೆಯೇ ಎಂದು ನೋಡಿ ಬರುತ್ತಿದ್ದೆ. ಆದರೆ ಈ ಬುದ್ಧಿ ನನಗೆ ಬರುವ ಹೊತ್ತಿಗೆ ಸಿದ್ದರಾಜು ಹತ್ತಿದ ಬಸ್ಸು ಊರು ದಾಟಿತ್ತು.